ಜಲಜಕ್ಕ ಮೊದಲೇ ಹೇಳಿದ್ದರು

ಜಲಜಕ್ಕ ನನಗೆ ಮೊದಲೇ ಹೇಳಿದ್ದರು. ಫೋನಿನಲ್ಲಿ, ಕನ್ನಡದಲ್ಲಿ, ಒಂದಲ್ಲ ಎರಡು ಸಲ ಹೇಳಿದ್ದರು. ಎಂಟು ತಿಂಗಳಾದ ಮೇಲೆ ತಪ್ಪು ಹೊರಬಿದ್ದು, ‘ಇದು ಹೇಗಾಯಿತು’ ಎಂದು ಸಭೆಯಲ್ಲಿ ಕೇಳಿದಾಗ, ಆ ಮಾತು ನಡೆದೇ ಇಲ್ಲವೆಂಬಂತೆ ನಾನು ಕುಳಿತಿದ್ದೆ. ಶಿಕ್ಷೆ ಅವರಿಗಾಯಿತು. ಮರುವರ್ಷ ನನಗೆ ಬಡ್ತಿ ಸಿಕ್ಕಿತು.

ಈ ಐದು ವಾಕ್ಯ ಬರೆಯಲು ನನಗೆ ಹನ್ನೊಂದು ವರ್ಷ ಬೇಕಾಯಿತು. ಬರೆದ ಮೇಲೆ ನೋಡಿದರೆ ಎಷ್ಟು ಚಿಕ್ಕದಾಗಿವೆ — ಇಷ್ಟನ್ನೇ ಅಂದು ಹೇಳಬಹುದಿತ್ತು. ಅರ್ಧ ನಿಮಿಷ ಸಾಕಾಗುತ್ತಿತ್ತು.

ನಾನು ಧಾರವಾಡದ ಕಡೆಯವಳು. ಗಂಡನಿಗೆ ವಿಲ್ಲಿಂಗ್ಡನ್ ಐಲ್ಯಾಂಡಿನ ಕೇಂದ್ರ ಸರಕಾರದ ಕಚೇರಿಯೊಂದಕ್ಕೆ ವರ್ಗವಾದಾಗ ಐದು ವರ್ಷದ ಮಗಳನ್ನು ಎತ್ತಿಕೊಂಡು ಕೊಚ್ಚಿಗೆ ಬಂದೆ. ತ್ರಿಪ್ಪುಣಿತ್ತುರದಲ್ಲಿ ಮನೆ. ಭಾಷೆ ಬಾರದು, ಪರಿಚಯದವರಿಲ್ಲ. ಒಂದು ವರ್ಷದ ಮೇಲೆ ಕಲೂರಿನಲ್ಲಿ ಕೆಲಸ ಸಿಕ್ಕಿತು. ಕಣ್ಣುದಾನದ ಒಂದು ಸಂಸ್ಥೆ, ಹೆಸರು ಬೇಡ. ಸತ್ತವರು ಕೊಟ್ಟ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯನ್ನು, ಅಂದರೆ ಕಾರ್ನಿಯಾವನ್ನು, ಬೇಕಾದವರಿಗೆ ತಲುಪಿಸುವ ಕೆಲಸ ಅವರದು. ಕಾಯುವವರು ಯಾವಾಗಲೂ ಹೆಚ್ಚು, ಬರುವ ಕಣ್ಣುಗಳು ಕಡಿಮೆ. ಹಾಗಾಗಿ ಅಲ್ಲಿ ಎಲ್ಲದರ ಜೀವ ಒಂದು ಪಟ್ಟಿ — ಮುಂದಿನ ಸರದಿ ಯಾರದು ಎಂಬ ಪಟ್ಟಿ. ಅದನ್ನು ನೋಡಿಕೊಳ್ಳುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ.

ತಿರುವನಂತಪುರದಲ್ಲಿ ಸಂಸ್ಥೆಯ ಇನ್ನೊಂದು ಕೇಂದ್ರವಿತ್ತು. ಅಲ್ಲಿನ ಪಟ್ಟಿಯನ್ನು ಹತ್ತೊಂಬತ್ತು ವರ್ಷದಿಂದ ಬರೆದುಕೊಂಡು ಬಂದವರು ಜಲಜಾಕ್ಷಿ. ಕಾಸರಗೋಡಿನವರು, ಮದುವೆಯಾಗಿ ತಿರುವನಂತಪುರಕ್ಕೆ ಬಂದು, ಗಂಡ ತೀರಿಕೊಂಡ ಮೇಲೂ ಅಲ್ಲೇ ಉಳಿದವರು. ಮೊದಲ ದಿನ ನಾನು ತಡವರಿಸುತ್ತ ಮಲಯಾಳದಲ್ಲಿ ಏನೋ ಕೇಳಿದಾಗ, ಆ ಕಡೆಯಿಂದ — “ನೀನು ಕನ್ನಡದವಳಾ ಮಾರಾಯ್ತಿ? ಹಾಗಾದ್ರೆ ಎಂತಕ್ಕೆ ಇಷ್ಟು ಕಷ್ಟಪಡ್ತೀ?”

ಆ ಕ್ಷಣ ನನ್ನ ಕಣ್ಣು ತುಂಬಿ ಬಂದದ್ದು ಇವತ್ತಿಗೂ ನೆನಪಿದೆ.

ಅಂದಿನಿಂದ ದಿನವೂ ಬೆಳಗ್ಗೆ ಹನ್ನೊಂದಕ್ಕೆ ಅವರ ಫೋನು. ಕೆಲಸದ ಮಾತು ಐದು ನಿಮಿಷ, ಉಳಿದದ್ದು ನಮ್ಮದು. ಅವರ ಕನ್ನಡ ಕರಾವಳಿಯದು, ನನ್ನದು ಬಯಲುಸೀಮೆಯದು. ನಾನು ‘ಹೌದ್ರಿ’ ಅಂದರೆ ಅವರು ನಗುತ್ತಿದ್ದರು. ಅವರು ‘ಉಂಟು’ ಅಂದರೆ ನಾನು. ಇಲ್ಲಿನ ಕುಚ್ಚಲಕ್ಕಿಯನ್ನು ಎಷ್ಟು ಹೊತ್ತು ಬೇಯಿಸಬೇಕು, ಮಗಳ ಶಾಲೆಯವರು ಕಳಿಸಿದ ಮಲಯಾಳದ ಚೀಟಿಯಲ್ಲಿ ಏನಿದೆ — ಎಲ್ಲವನ್ನೂ ಅವರೇ ಹೇಳಿಕೊಟ್ಟರು. ಮಗಳಿಗೆ ಒಂದು ವಾರ ಜ್ವರ ಬಿಡದಿದ್ದಾಗ ರಜೆ ಹಾಕಿ ರೈಲು ಹತ್ತಿ ಬಂದುಬಿಟ್ಟಿದ್ದರು, ಚೀಲದಲ್ಲಿ ಗಂಜಿಯ ಜೊತೆ ಸುಟ್ಟು ತಿನ್ನುವ ಹಲಸಿನ ಹಪ್ಪಳ ಇಟ್ಟುಕೊಂಡು. ಮೂರು ದಿನ ಇದ್ದರು. ಹೋಗುವಾಗ ಮಗಳು ಅವರ ಸೆರಗು ಬಿಡಲಿಲ್ಲ. ನಾನು ಇದನ್ನೆಲ್ಲ ಬರೆಯುತ್ತಿರುವುದು — ನಾನು ಯಾರಿಗೆ ಹಾಗೆ ಮಾಡಿದೆ ಎಂಬುದು ನಿಮಗೆ ಗೊತ್ತಿರಲಿ ಎಂದು.

ಮುಂದೆ ಸಂಸ್ಥೆಯವರು ಎರಡೂ ಊರಿನ ಪಟ್ಟಿಗಳನ್ನು ಒಂದು ಮಾಡಲು ತೀರ್ಮಾನಿಸಿದರು. ಯಾವ ಊರಿನವರಾದರೂ ಸರಿ, ಮೊದಲು ಹೆಸರು ಕೊಟ್ಟವರಿಗೆ ಮೊದಲ ಸರದಿ. ತೀರಾ ತುರ್ತಿನವರನ್ನು ಮಾತ್ರ ಡಾಕ್ಟರರು ಬೇರೆಯಾಗಿ ನೋಡುತ್ತಾರೆ. ಇದು ನನಗೆ ಬಹಳ ಸುಲಭದ ಕೆಲಸ. ಎರಡು ಸಾಲುಗಳನ್ನು ಹೆಣೆದು ಒಂದು ಸಾಲು ಮಾಡುವ ಫಂಕ್ಷನ್ ನಾವು ಬಳಸುವ ಸಿ++ ಭಾಷೆಯ ಲೈಬ್ರರಿಯಲ್ಲಿ ಸಿದ್ಧವಾಗಿಯೇ ಇದೆ — ಮರ್ಜ್ ಎಂದು ಅದರ ಹೆಸರು. ಅದಕ್ಕೆ ಅಂಕಿ ಕೊಡಿ, ಹೆಸರು ಕೊಡಿ, ಮನುಷ್ಯರ ವಿವರ ಕೊಡಿ, ಎಲ್ಲವೂ ಒಂದೇ. ಎರಡರಲ್ಲಿ ಯಾವುದು ಮೊದಲು ಎಂದು ಹೇಳಿಕೊಟ್ಟರೆ ಸಾಕು. ಅದು ಎರಡೂ ಸಾಲಿನ ತಲೆಯಲ್ಲಿ ನಿಂತವರನ್ನಷ್ಟೇ ನೋಡುತ್ತದೆ, ಮೊದಲು ಬಂದವರನ್ನು ತೆಗೆದು ಹೊಸ ಸಾಲಿನಲ್ಲಿ ನಿಲ್ಲಿಸುತ್ತದೆ, ಮತ್ತೆ ತಲೆಗಳನ್ನು ನೋಡುತ್ತದೆ. ಷರತ್ತು ಒಂದೇ: ಎರಡೂ ಸಾಲುಗಳು ಮೊದಲೇ ಅದೇ ಕ್ರಮದಲ್ಲಿ ನಿಂತಿರಬೇಕು. ನಿಂತಿವೆಯೋ ಇಲ್ಲವೋ ಎಂದು ಅದು ಪರೀಕ್ಷಿಸುವುದಿಲ್ಲ. ನಿಂತಿಲ್ಲದಿದ್ದರೆ ದೂರು ಹೇಳುವುದೂ ಇಲ್ಲ.

ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಾಲೇಜಿನಲ್ಲಿ ಓದಿದ್ದೆ, ಕಿರಿಯರಿಗೆ ಹೇಳಿಕೊಟ್ಟಿದ್ದೆ.

ಜಲಜಕ್ಕ ಮಾದರಿಗೆಂದು ತಮ್ಮ ಪಟ್ಟಿಯ ಮೊದಲ ಇಪ್ಪತ್ತು ಹೆಸರು ಕಳಿಸಿದ್ದರು. ಅದನ್ನು ಕೊಚ್ಚಿಯ ಇಪ್ಪತ್ತು ಹೆಸರಿನ ಜೊತೆ ಹೆಣೆದು ನೋಡಿದೆ. ಸರಿಯಾಗಿತ್ತು. ಒಂದೇ ಸಾಲಿನ ಪ್ರೋಗ್ರಾಂ, ಎಷ್ಟು ಚೊಕ್ಕ — ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು. ಮರುದಿನ ಮಧ್ಯಾಹ್ನ ಮೂರಕ್ಕೆ ಎಲ್ಲರೆದುರು ತೋರಿಸಬೇಕಿತ್ತು. ಅದೇ ದಿನ ಬೆಳಗ್ಗೆ ಹನ್ನೊಂದಕ್ಕೆ ಅವರು ಪೂರ್ತಿ ಪಟ್ಟಿ ಕಳಿಸಿ ಫೋನು ಮಾಡಿದರು.

“ಗಿರಿಜಾ, ಒಂದು ವಿಷಯ. ನನ್ನ ಪಟ್ಟಿ ಪೂರ್ತಿ ತಾರೀಕಿನ ಪ್ರಕಾರ ಇಲ್ಲ. ಎರಡೂ ಕಣ್ಣು ಹೋದವರನ್ನು ಮೇಲೆ ಬರೆದಿದ್ದೇನೆ. ಒಂದು ಕಣ್ಣಿನವರು ಅವರ ಕೆಳಗೆ. ಮೊದಲಿಂದ್ಲೂ ಹಾಗೇ ಮಾಡಿದ್ದು.”

ನಾನು ಆಗ ಮುದ್ರಿಸುವ ಪುಟದ ತಲೆಬರಹ ಸರಿಮಾಡುತ್ತಿದ್ದೆ. ಸಂಸ್ಥೆಯ ಹೆಸರು ಎಡಕ್ಕೆ ಸರಿದಿತ್ತು, ಅದು ನಡುವೆ ಬರಬೇಕಿತ್ತು.

“ಹೂಂ” ಅಂದೆ.

“ಅಲ್ಲ, ಅದ್ರಿಂದ ನಿನ್ನ ಲೆಕ್ಕಕ್ಕೆ ಎಂತಾದ್ರೂ ತೊಂದರೆ ಉಂಟಾ? ಬೇಕಾದ್ರೆ ನಾನು ಕೂತು ತಾರೀಕಿನ ಪ್ರಕಾರ ಮಾಡಿ ಕೊಡ್ತೇನೆ. ಎರಡು ದಿವಸ ಸಾಕು.”

“ಏನೂ ಬ್ಯಾಡ್ರಿ ಅಕ್ಕಾ” ಎಂದೆ. “ಅದನ್ನೆಲ್ಲಾ ಫಂಕ್ಷನ್ ನೋಡ್ಕೊಂತೈತಿ.”

ಇದೇ ನನ್ನ ಮಾತು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ — ಅವರು ಹೇಳಿದ್ದು ನನ್ನ ಕಿವಿಯೊಳಗೆ ಹೋಗಿರಲೇ ಇಲ್ಲ. ಆದರೆ ಮರೆತುಹೋಗಿತ್ತು ಎಂದು ಹೇಳಲಾರೆ. ಆಮೇಲೆ ಬೇಕಾದಾಗ ಆ ಮಾತು ಅಕ್ಷರ ಅಕ್ಷರವಾಗಿ ನೆನಪಿಗೆ ಬಂತು.

ಏನಾಯಿತೆಂದರೆ — ಎರಡೂ ಕಣ್ಣು ಹೋದವರು ತಮ್ಮತಮ್ಮಲ್ಲಿ ತಾರೀಕಿನ ಕ್ರಮದಲ್ಲೇ ಇದ್ದರು. ನಾನು ಪರೀಕ್ಷಿಸಿದ ಇಪ್ಪತ್ತು ಹೆಸರೂ ಅವರದೇ. ಅವರು ಮುಗಿಯುವವರೆಗೆ ಹೆಣಿಗೆ ಸರಿಯಾಗಿ ನಡೆಯಿತು. ಆದರೆ ಆ ಗುಂಪಿನ ಕೊನೆಯವರು ಈಚೆಗಷ್ಟೇ ಹೆಸರು ಕೊಟ್ಟವರು. ಅವರ ಹಿಂದೆ, ವರ್ಷಗಟ್ಟಲೆಯಿಂದ ಕಾಯುತ್ತಿದ್ದ ಒಂದು ಕಣ್ಣಿನವರು ನಿಂತಿದ್ದರು. ಫಂಕ್ಷನ್‌ಗೆ ತಲೆಯಲ್ಲಿರುವವರು ಮಾತ್ರ ಕಾಣುತ್ತಾರಲ್ಲ. ಮುಂದಿರುವವರು ಸರಿಯುವಷ್ಟರಲ್ಲಿ ಕೊಚ್ಚಿಯ ಹೆಚ್ಚುಕಡಿಮೆ ಎಲ್ಲ ಹೆಸರುಗಳೂ ಮೇಲೆ ಹೋಗಿ ಕುಳಿತಿದ್ದವು. ಮೂವತ್ತೊಂದು ಜನ ತಳಕ್ಕೆ ಹೋದರು. ಮೂರು ಗಂಟೆಗೆ ನಾನು ಪಟ್ಟಿ ತೋರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ತಲೆಬರಹ ಸರಿಯಾಗಿ ನಡುವೆ ಬಂದಿತ್ತು.

ಎಂಟು ತಿಂಗಳು ಯಾರಿಗೂ ತಿಳಿಯಲಿಲ್ಲ. ಪಟ್ಟಿ ಈಗ ಕಂಪ್ಯೂಟರಿನದು, ಜಲಜಕ್ಕನ ಮುಂದೆ ಇರುತ್ತಿರಲಿಲ್ಲ. ಒಂದು ದಿನ ಬಾಲರಾಮಪುರದ ನೇಕಾರ ಹೆಂಗಸೊಬ್ಬರು ತಿರುವನಂತಪುರದ ಕೌಂಟರಿಗೆ ಬಂದರು. ತಂಗಮಣಿ ಎಂದು. ಒಂದು ಕಣ್ಣು ಪೂರ್ತಿ ಬೆಳ್ಳಗಾಗಿತ್ತು, ಇನ್ನೊಂದೂ ಈಚೆಗೆ ಮಂಜಾಗಿತ್ತು. ಓಣಂ ಹಬ್ಬಕ್ಕೆ ಮುಂಚೆ ತಮ್ಮ ಸರದಿ ಬರಬಹುದೇ ಎಂದು ಕೇಳಲು ಬಂದಿದ್ದರು. ಜಲಜಕ್ಕನಿಗೆ ಅವರ ಮುಖ ನೆನಪಿತ್ತು, ಹೆಸರು ಬರೆದುಕೊಂಡ ದಿನವೂ ನೆನಪಿತ್ತು — ಆಕೆಯ ಸರದಿ ಯಾವತ್ತೋ ಬಂದಿರಬೇಕಿತ್ತಲ್ಲ ಎಂದು ಅವರಿಗೆ ಅನ್ನಿಸಿತು. ನನಗೆ ಫೋನು ಮಾಡಿದರು. “ಒಮ್ಮೆ ನೋಡ್ತೀಯಾ ಗಿರಿಜಾ? ನಂದೇ ಎಂತಾದ್ರೂ ತಪ್ಪಿರಬಹುದು.”

ಹತ್ತು ನಿಮಿಷದಲ್ಲಿ ನನಗೆ ಎಲ್ಲವೂ ತಿಳಿಯಿತು. ಹೆಣೆಯುವುದಕ್ಕೆ ಮುಂಚೆ ಅವರ ಪಟ್ಟಿಯನ್ನು ತಾರೀಕಿನ ಪ್ರಕಾರ ಜೋಡಿಸುವ ಒಂದು ಸಾಲನ್ನು ಪ್ರೋಗ್ರಾಮಿಗೆ ಸೇರಿಸಿದೆ. ಅಷ್ಟೇ. ಒಂದು ಸಾಲು. ತಂಗಮಣಿಯ ಹೆಸರು ಕೂಡಲೇ ಮೇಲೆ ಬಂತು. ಎರಡು ತಿಂಗಳಲ್ಲಿ ಅವರಿಗೆ ಕಣ್ಣೂ ಸಿಕ್ಕಿತು. ಆದರೆ ಆ ಎಂಟು ತಿಂಗಳಲ್ಲಿ ಬಂದ ಕಣ್ಣುಗಳು ಬೇರೆಯವರಿಗೆ ಹೋಗಿದ್ದವು. ಅವರೂ ಬೇಕಾದವರೇ. ಯಾರಿಂದಲೂ ಹಿಂದಕ್ಕೆ ಕೇಳುವಂಥದ್ದಲ್ಲ.

ಪಟ್ಟಿ ಏಕಾಏಕಿ ಬದಲಾದದ್ದು ಮೇಲಿನವರ ಗಮನಕ್ಕೆ ಬಂದು, ವಿಚಾರಣೆಯ ಸಭೆ ತಿರುವನಂತಪುರದಲ್ಲಿ ಆಯಿತು. ಸಂಸ್ಥೆಯ ಮುಖ್ಯಸ್ಥರಾಗಿದ್ದ ಹಿರಿಯ ಡಾಕ್ಟರರು ನನ್ನನ್ನು ಕೇಳಿದರು. ನಾನು ಇಂಗ್ಲಿಷಿನಲ್ಲಿ ಉತ್ತರಿಸಿದೆ: ತಿರುವನಂತಪುರದಿಂದ ಬಂದ ಪಟ್ಟಿ ತಾರೀಕಿನ ಕ್ರಮದಲ್ಲಿರಲಿಲ್ಲ. ಇದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ — ಅದೇ ನನ್ನನ್ನು ಇಷ್ಟು ವರ್ಷ ಸುಟ್ಟದ್ದು. ನಿಜವನ್ನೇ ಹೇಳಿ ಹೀಗೆ ಮೋಸ ಮಾಡಬಹುದು ಎಂದು ನನಗೆ ಆ ದಿನದವರೆಗೆ ಗೊತ್ತಿರಲಿಲ್ಲ.

ಡಾಕ್ಟರರು ಜಲಜಕ್ಕನ ಕಡೆ ತಿರುಗಿದರು. “ನಿಮ್ಮ ಪಟ್ಟಿ ಬೇರೆ ಕ್ರಮದಲ್ಲಿದೆ ಎಂದು ಯಾರಿಗಾದರೂ ತಿಳಿಸಿದ್ದಿರಾ?”

ಅವರು ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಪರೀಕ್ಷೆಯಲ್ಲಿ ಉತ್ತರ ಬಾರದ ಮಗುವಿನ ಮುಂದೆ ಟೀಚರು ಸ್ವಲ್ಪ ಹೊತ್ತು ಕಾಯುತ್ತಾರಲ್ಲ — ಹಾಗೆ. ನಾನು ಎದುರಿಗಿದ್ದ ನೀರಿನ ಲೋಟ ನೋಡಿದೆ. ಆ ಕೆಲಸದಲ್ಲಿ ನನ್ನದು ಆಗ ಎರಡು ವರ್ಷದ ಪ್ರೊಬೇಷನ್, ಖಾಯಂ ಆಗಲು ಇನ್ನೊಂದು ತಿಂಗಳು ಉಳಿದಿತ್ತು. ಅದು ಅವರಿಗೂ ಗೊತ್ತಿತ್ತು, ನಾನೇ ಹೇಳಿಕೊಂಡಿದ್ದೆ.

“ಇಲ್ಲ ಸಾರೇ” ಎಂದರು ಜಲಜಕ್ಕ. “ತಿಳಿಸಬೇಕಿತ್ತು. ನನಗೆ ತೋಚಲಿಲ್ಲ.”

ಸಂಜೆ ನನ್ನನ್ನು ರೈಲು ಹತ್ತಿಸಲು ತಂಬಾನೂರಿನ ಸ್ಟೇಷನ್ನಿನವರೆಗೆ ಬಂದರು. ದಾರಿಯಲ್ಲಿ ಆ ವಿಷಯ ಇಬ್ಬರೂ ಎತ್ತಲಿಲ್ಲ. ಕಿಟಕಿಯ ಹತ್ತಿರ ನಿಂತು, ಮಗಳಿಗೆಂದು ಬಾಳೆಕಾಯಿ ಚಿಪ್ಸಿನ ಪೊಟ್ಟಣ ಕೊಡುತ್ತ, “ನಂಗೆ ಇನ್ನು ಮೂರೇ ವರ್ಷ ಅಲ್ವಾ. ನಿಂದು ಈಗ ಶುರು” ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಹಿಡಿದುಕೊಂಡು — ಏನಾದರೂ ಹೇಳಬೇಕಿತ್ತು. ರೈಲು ಹೊರಟಿತು.

ಅವರನ್ನು ಪಟ್ಟಿಯ ಕೆಲಸದಿಂದ ತೆಗೆದರು. ಉಗ್ರಾಣದಲ್ಲಿ ಔಷಧಿಯ ಬಾಟಲಿ, ಹತ್ತಿಯ ಸುರುಳಿ ನೋಡಿಕೊಳ್ಳುವ ಕೆಲಸ. ಹತ್ತೊಂಬತ್ತು ವರ್ಷದ ದಪ್ಪ ರಿಜಿಸ್ಟರುಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದರಂತೆ. ಹನ್ನೊಂದು ಗಂಟೆಯ ಫೋನು ಆಮೇಲೂ ಬರುತ್ತಿತ್ತು. ನಿಲ್ಲಿಸಿದ್ದು ನಾನು. ಮೊದಲು ‘ಮೀಟಿಂಗಿನಲ್ಲಿದ್ದೇನೆ’ ಎಂದೆ, ಆಮೇಲೆ ಎತ್ತುವುದನ್ನೇ ಬಿಟ್ಟೆ. ಅವರ ದನಿ ಕೇಳಲು ಆಗುತ್ತಿರಲಿಲ್ಲ — ಅದು ಅಷ್ಟು ಮೊದಲಿನಂತೆಯೇ ಇತ್ತು. ಅವರು ನಿವೃತ್ತರಾದಾಗ ಎಲ್ಲರ ಜೊತೆ ಒಂದು ಕಾರ್ಡಿಗೆ ಸಹಿ ಹಾಕಿ ಕಳಿಸಿದೆ. ಅಷ್ಟು ಹೊತ್ತಿಗೆ ನಾನು ವಿಭಾಗದ ಮುಖ್ಯಸ್ಥೆ.

ಮಗಳು ಈಗ ತಿರುವನಂತಪುರದಲ್ಲೇ ಇಂಜಿನಿಯರಿಂಗ್ ಓದುತ್ತಾಳೆ. ನಾನು ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ಕಳೆದ ರಜೆಯಲ್ಲಿ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಇದೇ ಮರ್ಜ್ ಓದುತ್ತಿದ್ದಳು. ಒಂದು ಸಾಲು ಕ್ರಮದಲ್ಲಿರದಿದ್ದರೆ ಎರರ್ ತೋರಿಸುತ್ತದೆಯೇ ಎಂದು ಕೇಳಿದಳು.

“ಇಲ್ಲ” ಅಂದೆ. “ಸುಮ್ಮನೆ ತಪ್ಪು ಉತ್ತರ ಕೊಡತೈತಿ.”

“ಅಪ್ಪೋಳ್ ಆರಾ ಅಮ್ಮೇ ನೋಕ್ಕೇಂಡದು?” ಎಂದಳು. ಹಾಗಾದರೆ ನೋಡಿಕೊಳ್ಳಬೇಕಾದವರು ಯಾರು ಎಂದು.

ಉತ್ತರ ಗೊತ್ತಿತ್ತು. ಅದನ್ನು ಬಳಸುವವರು. ನಾನು ಅವಳ ಪುಸ್ತಕ ಮುಚ್ಚಿದೆ. ಅವಳಿಗೇ ಮೊದಲು ಹೇಳಿದೆ — ಎಲ್ಲವನ್ನೂ, ಆ ಮೇಜಿನ ಮುಂದೆಯೇ. ಅವಳಿಗೆ ಜಲಜಕ್ಕನ ಸೆರಗು ನೆನಪಿರಲಿಲ್ಲ. ಆದರೆ ಕೇಳುತ್ತ ಕೇಳುತ್ತ ಅವಳ ಮುಖ ಬದಲಾಯಿತು. “ಅವರ ಮನೆ ಎಲ್ಲಿ?” ಎಂದು ಕೇಳಿದಳು. ಅಪರೂಪಕ್ಕೆ ಕನ್ನಡದಲ್ಲಿ.

ಸಂಸ್ಥೆಗೆ ಪತ್ರ ಬರೆದೆ. ಫೋನಿನ ಮಾತು, ನನ್ನ ಉತ್ತರ, ಸಭೆಯಲ್ಲಿ ನನ್ನ ಮೌನ — ಏನನ್ನೂ ಬಿಡಲಿಲ್ಲ. ಮುಖ್ಯಸ್ಥೆಯ ಸ್ಥಾನ ಬಿಡಲು ಹೇಳಿದರು, ಬಿಟ್ಟೆ. ಜಲಜಕ್ಕನ ದಾಖಲೆಯಲ್ಲಿದ್ದ ಟಿಪ್ಪಣಿಯನ್ನು ಹೊಡೆದುಹಾಕಿ ಸರಿಯಾದದ್ದನ್ನು ಬರೆದರು. ಅದರ ಪ್ರತಿಯನ್ನು ತೆಗೆದುಕೊಂಡು ಬೆಳಗಿನ ರೈಲಿಗೆ ತಿರುವನಂತಪುರಕ್ಕೆ ಹೋದೆ.

ಬಾಗಿಲು ತೆಗೆದವರು ಮುದುಕಿಯಾಗಿದ್ದರು. ಕನ್ನಡಕ ಹಣೆಗೆ ಏರಿಸಿ ನನ್ನನ್ನು ನೋಡಿ, “ಗಿರಿಜಾನಾ? ಎಷ್ಟು ಸಪೂರ ಆಗಿದ್ದೀ. ಒಳಗೆ ಬಾ” ಎಂದರು. ಚಹಾ ಮಾಡಿ ತಂದರು. ನಾನು ಕಾಗದ ಕೊಟ್ಟೆ. ಪೂರ್ತಿ ಓದಿದರು, ಮಡಚಿದರು, ಲೋಟದ ಪಕ್ಕ ಇಟ್ಟರು.

“ಅವತ್ತು ನಾನು ಹೇಳಬೇಕಿತ್ತು ಅಕ್ಕಾ.”

“ಹೌದು” ಎಂದರು. “ನೀನಾಗೇ ಹೇಳ್ತೀ ಅಂತ ಒಂದು ವರ್ಷ ಕಾದೆ. ಕೆಲಸ ಖಾಯಂ ಆದ್ಮೇಲೆ ಹೇಳಬಹುದು ಅಂತ. ಫೋನ್ ಮಾಡಿದ್ದೂ ಅದಕ್ಕೇ. ಆಮೇಲೆ ಬಿಟ್ಟೆ. ಉಗ್ರಾಣ ಕಷ್ಟ ಆಗ್ಲಿಲ್ಲ ನಂಗೆ. ನೀನು ಫೋನ್ ಎತ್ತದ್ದು ಕಷ್ಟ ಆಯ್ತು.”

ಅವರ ಕಾಲ ಬಳಿ ನೆಲದ ಮೇಲೆ ಕುಳಿತೆ. ಅವರು ನನ್ನ ತಲೆ ಮುಟ್ಟಲಿಲ್ಲ. ಎಬ್ಬಿಸಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: “ತಂಗಮಣಿಗೆ ಹೇಳಿದ್ಯಾ?”

“ಇಲ್ಲ.”

“ಹಾಗಾದ್ರೆ ನೀನು ಮೊದಲು ಬರಬೇಕಾದ್ದು ಇಲ್ಲಿಗಲ್ಲ. ಇರು, ಸೀರೆ ಬದಲಿಸಿ ಬರ್ತೇನೆ.”

ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ, ನಾನು ಅವರ ಪಕ್ಕ. ಬಾಲರಾಮಪುರದ ಓಣಿಗಳಲ್ಲಿ ಇನ್ನೂ ಕೆಲವು ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು. ತಂಗಮಣಿಯ ಮನೆಯಿಂದ ಬರುತ್ತಿರಲಿಲ್ಲ. ಅಲ್ಲಿನ ಮಗ್ಗ ಕುಳಿಮಗ್ಗ. ನೆಲದಲ್ಲಿ ತೋಡಿದ ಕುಳಿಯಲ್ಲಿ ಕಾಲಿಳಿಸಿ ಕೂತು ನೇಯಬೇಕು. ಆ ಕೋಣೆಯಲ್ಲಿ ಈಗ ಸಿಮೆಂಟಿನ ನೆಲ, ನೆಲದ ಮೇಲೆ ಮಗನ ಸ್ಕೂಟರ್.

ನಾನು ನನ್ನ ಹರುಕು ಮಲಯಾಳದಲ್ಲೇ ಹೇಳಿದೆ. ಜಲಜಕ್ಕ ಸಹಾಯಕ್ಕೆ ಬರಲಿಲ್ಲ. ತಡವರಿಸಿದಲ್ಲೆಲ್ಲ ನಾನೇ ಶಬ್ದ ಹುಡುಕಬೇಕಾಯಿತು. ತಂಗಮಣಿ ಒಂದು ಕಣ್ಣಿನಿಂದ ನನ್ನನ್ನೇ ನೋಡುತ್ತ ಕೇಳಿದರು. ಆ ಕಣ್ಣು ಈಗ ತಿಳಿಯಾಗಿತ್ತು.

“ಕಾಣದೆ ಎರಡು ಸಲ ಕುಳಿಯಲ್ಲಿ ಬಿದ್ದೆ ಮಗಳೇ” ಎಂದರು, ತುಂಬ ಮೆಲ್ಲಗೆ. “ಎರಡನೇ ಸಲ ಸೊಂಟ ಪೆಟ್ಟಾಯಿತು. ಮಗ ಹೆದರಿ ಮಣ್ಣು ತುಂಬಿಸಿದ. ಅವನದು ತಪ್ಪಲ್ಲ. ಅದಾಗಿ ನಾಲ್ಕು ತಿಂಗಳಿಗೆ ಕಣ್ಣು ಬಂತು. ಮಗ್ಗ ಕೊಟ್ಟುಬಿಟ್ಟಾಗಿತ್ತು.” ಸ್ಕೂಟರಿನ ಕಡೆ ನೋಡಿದರು. “ನಮ್ಮ ಹಣೆಬರಹ ಅಂದುಕೊಂಡಿದ್ದೆ. ಯಾರದೋ ಕೈಯಿಂದ ಆದದ್ದು ಅಂತ ಗೊತ್ತಿರಲಿಲ್ಲ.”

ಕ್ಷಮಿಸಿ ಎಂದು ಕೇಳಿದೆ.

“ನನ್ನ ಹಾಗೆ ಹಿಂದೆ ಹೋದವರು ಎಷ್ಟು ಜನ?”

“ನಿಮ್ಮನ್ನು ಬಿಟ್ಟು ಮೂವತ್ತು.”

“ಅವರೂ ಹಣೆಬರಹ ಅಂತಲೇ ತಿಳಿದಿರುತ್ತಾರೆ” ಎಂದರು. “ಹೋಗಿ ಹೇಳು.”

ಈಗ ಪ್ರತಿ ಶನಿವಾರ ಹೋಗುತ್ತಿದ್ದೇನೆ. ಜಲಜಕ್ಕ ಬರುವುದಿಲ್ಲ, ‘ಅದು ನಿನ್ನ ಕೆಲಸ’ ಎಂದಿದ್ದಾರೆ. ಸಂಜೆ ಅವರಿಗೆ ಫೋನು ಮಾಡಿ ಹೇಳುತ್ತೇನೆ, ಎತ್ತಿದರೆ. ಕೆಲವು ಸಲ ಎತ್ತುತ್ತಾರೆ. ಇದುವರೆಗೆ ಒಂಬತ್ತು ಮನೆಗಳಾದವು. ಎರಡು ಮನೆಗಳಲ್ಲಿ ನಾನು ಹುಡುಕಿಕೊಂಡು ಹೋದವರು ಗೋಡೆಯ ಮೇಲಿನ ಫೋಟೋ ಆಗಿದ್ದರು. ಹೆಂಡತಿ, ಮಕ್ಕಳ ಮುಂದೆ ಹೇಳಿ ಬಂದೆ. ಒಬ್ಬರು ಊಟ ಹಾಕಿದರು. ಒಬ್ಬರು ಮಾತು ಮುಗಿಯುವ ಮೊದಲೇ ಬಾಗಿಲು ಹಾಕಿಕೊಂಡರು. ಹಾಕಿಕೊಂಡದ್ದು ಸರಿ.

ಮುಂದಿನ ಶನಿವಾರ ನೆಯ್ಯಾಟಿನ್‌ಕರ. ಅಲ್ಲಿ ಒಬ್ಬರು ಬಸ್ ಡ್ರೈವರ್ ಆಗಿದ್ದವರು, ಕಣ್ಣಿಗಾಗಿ ಕಾಯುತ್ತಲೇ ಕೆಲಸ ಬಿಡಬೇಕಾಯಿತಂತೆ. ಅವರು ಏನು ಹೇಳುತ್ತಾರೋ ಗೊತ್ತಿಲ್ಲ. ಏನೇ ಹೇಳಲಿ, ಪೂರ್ತಿ ಕೇಳಿಸಿಕೊಂಡು ಬರುತ್ತೇನೆ.